ಡಾರ್ಕ್ ಥೀಮ್ ಎಲ್ಲ ಬರಹಕ್ಕೂ ಹೊಂದುವುದಿಲ್ಲ

ಮಾನ್ಯ ಸಂಪಾದಕರೇ,

ನಿಮ್ಮ ತಂತ್ರಜ್ಞಾನ ಪುಟದಲ್ಲಿ ಬಂದ ಟೆಕ್ಸ್ಟ್ ಎಡಿಟರ್‌ಗಳ (ಬರಹ, ಪ್ರೋಗ್ರಾಂ ಟೈಪ್ ಮಾಡುವ ತಂತ್ರಾಂಶಗಳ) ಲೇಖನ ಓದಿದೆ. ವಿಮ್, ಈಮ್ಯಾಕ್ಸ್, ವಿಎಸ್ ಕೋಡ್‌ಗಳ ಪರಿಚಯ ಚೆನ್ನಾಗಿತ್ತು. ಆದರೆ ಕೊನೆಗೆ ‘ಯಾವುದಾದರೂ ಡಾರ್ಕ್ ಥೀಮ್ ಹಾಕಿಕೊಳ್ಳಿ, ಕಣ್ಣಿಗೆ ಹಿತ’ ಎಂದು ಒಂದೇ ಮಾತಲ್ಲಿ ಮುಗಿಸಿದ್ದನ್ನು ನಾನು ಒಪ್ಪುವುದಿಲ್ಲ. ಡಾರ್ಕ್ ಥೀಮ್ ಎಂದರೆ ಕಪ್ಪು ಹಿನ್ನೆಲೆಯಲ್ಲಿ ತಿಳಿ ಬಣ್ಣದ ಅಕ್ಷರ ತೋರಿಸುವ ಬಣ್ಣದ ಜೋಡಣೆ.

ನಾನು ಯಂತ್ರಗಳ ಕೈಪಿಡಿ ಬರೆಯುವವಳು. ಬರೆಯುವುದು ಮಾರ್ಕ್‌ಡೌನ್ ಎಂಬ ಸರಳ ಗುರುತುಗಳ ಬರಹ ರೂಪದಲ್ಲಿ, ಫೈಲ್ ಇಡುವುದು ಬದಲಾವಣೆಗಳ ದಾಖಲೆ ಇಡುವ ಗಿಟ್‌ನಲ್ಲಿ. ಥೀಮ್ ಮಾಡುವವರ ಕಣ್ಣ ಮುಂದೆ ಇರುವುದು ಪ್ರೋಗ್ರಾಂ. ಅಲ್ಲಿ ಸಾಲು ಚಿಕ್ಕದು, ಪದಕ್ಕೊಂದು ಬಣ್ಣ. ನಮ್ಮಲ್ಲಿ ಪ್ಯಾರಾ ಮೇಲೆ ಪ್ಯಾರಾ ಒಂದೇ ಬಣ್ಣದ ಗದ್ಯ. ಪಕ್ಕದಲ್ಲೇ ಬಿಳಿ ಹಾಳೆಯಂಥ ಪಿಡಿಎಫ್ ತೆರೆದಿರುತ್ತದೆ. ಕಪ್ಪಿನಿಂದ ಬಿಳಿಗೆ, ಬಿಳಿಯಿಂದ ಕಪ್ಪಿಗೆ ದಿನವಿಡೀ ಕಣ್ಣು ಹಾಯಿಸಿದರೆ ಹಿತ ಎಲ್ಲಿಂದ ಬರಬೇಕು? ಕಪ್ಪು ಹಿನ್ನೆಲೆ ನೋಡುವಾಗ ಕಣ್ಣಿನ ಪಾಪೆ ಹಿಗ್ಗುತ್ತದೆ, ಅಕ್ಷರದ ಅಂಚು ಮಸುಕಾಗುತ್ತದೆ. ನನ್ನ ಹಾಗೆ ಅಸ್ಟಿಗ್ಮ್ಯಾಟಿಸಂ (ಕಣ್ಣಿನ ಬಾಗು ಸಮವಿಲ್ಲದ ದೃಷ್ಟಿದೋಷ) ಇದ್ದರಂತೂ ಬಿಳಿ ಅಕ್ಷರದ ಸುತ್ತ ಬೆಳಕು ಹರಡಿದಂತೆ ಕಾಣುತ್ತದೆ. ರಾತ್ರಿ ಕತ್ತಲೆ ಕೋಣೆಯಲ್ಲಿ ಕೂತವರ ಮಾತು ಬೇರೆ, ಬಿಡಿ.

ಇದಕ್ಕಿಂತ ದೊಡ್ಡ ತೊಂದರೆ ಕಮೆಂಟ್‌ಗಳದ್ದು, ಅಂದರೆ ಫೈಲ್ ಒಳಗೇ ಬರೆದಿಡುವ ಟಿಪ್ಪಣಿಗಳದ್ದು. ಜಾಸ್ತಿ ಥೀಮ್‌ಗಳು ಕಮೆಂಟನ್ನು ಮಂಕು ಬೂದು ಬಣ್ಣದಲ್ಲಿ ತೋರಿಸುತ್ತವೆ. ಪ್ರೋಗ್ರಾಂ ಬರೆಯುವಾಗ ಅದು ಸರಿಯೇ ಇರಬಹುದು. ನಮ್ಮ ಕಡತದಲ್ಲಿ ಕಮೆಂಟ್ ಎಂದರೆ ಎಂಜಿನಿಯರ್ ಬಿಟ್ಟ ಟಿಪ್ಪಣಿ: ‘ಈ ವೋಲ್ಟೇಜ್ ಇನ್ನೊಮ್ಮೆ ನೋಡಿ’. ಮೊದಲು ಕಣ್ಣಿಗೆ ಬೀಳಬೇಕಾದದ್ದೇ ಅದು, ಅಲ್ವಾ? ನಾನು ಸೆಟ್ಟಿಂಗ್ಸ್‌ಗೆ ಹೋಗಿ ಕಮೆಂಟಿಗೆ ಗಾಢ ಕಿತ್ತಳೆ ಕೊಟ್ಟಿದ್ದೇನೆ, ಜೊತೆಗೆ ಇಟಾಲಿಕ್. ಕೆಂಪು-ಹಸಿರು ಗುರುತಿಸಲಾಗದ ಸಹೋದ್ಯೋಗಿಗಳೂ ಇರುತ್ತಾರೆ. ಬರೀ ಬಣ್ಣವನ್ನೇ ನಂಬಿಕೊಂಡರೆ ಸಾಲದು.

ಹಾಗಂತ ತಿಳಿ ಹಿನ್ನೆಲೆಯ ಲೈಟ್ ಥೀಮ್ ಎಲ್ಲವೂ ಸರಿ ಎಂದೇನಿಲ್ಲ. ಈಥನ್ ಶೂನೋವರ್ 2011ರಲ್ಲಿ ಹೊರತಂದ ಸೋಲರೈಸ್ಡ್ ಎಂಬ ಥೀಮ್ ನೋಡಲು ಬಲು ಚೆಂದ. ಆದರೆ ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5:1 ಕಾಂಟ್ರಾಸ್ಟ್ (ಬೆಳಕಿನ ವ್ಯತ್ಯಾಸ) ಬೇಕು ಎನ್ನುತ್ತದೆ ಡಬ್ಲ್ಯೂಸಿಎಜಿ, ಅಂದರೆ ವೆಬ್ ಬರಹ ಎಲ್ಲರಿಗೂ ಓದಲಾಗುವಂತಿರಲು ಮಾಡಿದ ಮಾರ್ಗಸೂಚಿ. ಸೋಲರೈಸ್ಡ್ ಲೈಟ್‌ನ ಮಾಮೂಲಿ ಅಕ್ಷರ ಅಷ್ಟನ್ನೂ ಮುಟ್ಟುವುದಿಲ್ಲ. ಅದರ ಕೆನೆ ಬಣ್ಣದ ಹಿನ್ನೆಲೆ ಉಳಿಸಿಕೊಂಡು ಅಕ್ಷರವನ್ನು ಇನ್ನಷ್ಟು ಕಪ್ಪಾಗಿಸಿದರೆ ಓದಲು ಆರಾಮ.

ಎಡಿಟರ್ ಯಾವುದು ಎಂಬ ಜಗಳಕ್ಕೆ ನಾನಿಲ್ಲ. ಉದ್ದ ಸಾಲು ಮಡಚಿ ತೋರಿಸಬೇಕು, ಕಾಗುಣಿತ ನೋಡಬೇಕು, ಬಣ್ಣ ನಮ್ಮಿಷ್ಟಕ್ಕೆ ಬದಲಿಸಲು ಬಿಡಬೇಕು. ಇಷ್ಟಿದ್ದರೆ ಯಾವುದಾದರೂ ನಡೆದೀತು.

ಒಂದು ಕೋರಿಕೆ. ಮುಂದೆ ಥೀಮ್‌ಗಳ ಚಿತ್ರ ಹಾಕುವಾಗ ಹತ್ತು ಸಾಲಿನ ಪ್ರೋಗ್ರಾಂ ತುಣುಕಿನ ಜೊತೆ ಒಂದು ಪೂರ್ತಿ ಪುಟ ಗದ್ಯವನ್ನೂ ಅದೇ ಬಣ್ಣಗಳಲ್ಲಿ ತೋರಿಸಿ. ಯಾವುದನ್ನು ಓದಲಾಗುತ್ತದೆ, ಯಾವುದನ್ನು ಆಗುವುದಿಲ್ಲ ಎಂದು ಓದುಗರೇ ನೋಡಿಕೊಳ್ಳಲಿ.

– ತಾಂತ್ರಿಕ ಕೈಪಿಡಿಗಳ ಬರಹಗಾರ್ತಿ