ಗೆಳೆಯನಿಗೊಂದು ಪತ್ರ: ಹತ್ತು ಪಂದ್ಯ, ಐದು ಅಂಕ

ಗೆಳೆಯಾ,

ನಿನ್ನ ಒಂದು ಸಾಲಿನ ಸಂದೇಶ ಸಿಕ್ಕಿತು. "ಹತ್ತು ಪಂದ್ಯದಲ್ಲಿ ಐದು ಅಂಕ ಆಗುತ್ತಾ, ಇಲ್ವಾ?" ಅಂದರೆ ಹತ್ತೇ ಪಂದ್ಯ ಬಾಕಿ, ಪ್ಲೇಆಫ್ (ಕಪ್‌ಗಾಗಿ ನಡೆಯುವ ನಾಕ್‌ಔಟ್ ಹಂತ) ತಲುಪಿಸುವ ಕೊನೆಯ ಜಾಗಕ್ಕಿಂತ ನಮ್ಮ ತಂಡ ಐದು ಅಂಕ ಹಿಂದೆ, ತಲುಪುತ್ತೇವಾ ಅಂತ ನಿನ್ನ ಪ್ರಶ್ನೆ. ಉತ್ತರ ಮಾತ್ರ ಒಂದು ಸಾಲಿನಲ್ಲಿ ಮುಗಿಯುವಂಥದ್ದಲ್ಲ. ಐಸ್ ಹಾಕಿಯ ಡೆಟ್ರಾಯ್ಟ್ ರೆಡ್ ವಿಂಗ್ಸ್ ಅಂದರೆ ಎದೆ ಹಿಡಿದುಕೊಳ್ಳುವವರು ನಾವಿಬ್ಬರೇ ಅಲ್ಲವಲ್ಲ, ಹಾಗಾಗಿ ಎಲ್ಲರೂ ಓದಲಿ ಅಂತ ಇಲ್ಲೇ ಬರೆಯುತ್ತಿದ್ದೇನೆ. ಮಂಗಳವಾರ ಬೂದು ಟೋಪಿ ಹಾಕಿದರೆ ಗೆಲ್ಲುತ್ತೇವೆ ಅನ್ನುವ ನಿನ್ನ ಥಿಯರಿಯ ಸುದ್ದಿ ಎತ್ತುವುದಿಲ್ಲ, ಹೆದರಬೇಡ.

ಮೊದಲು ಲೆಕ್ಕ ನೋಡೋಣ. ಉತ್ತರ ಅಮೆರಿಕದ ಐಸ್ ಹಾಕಿ ಲೀಗ್ ಎನ್‌ಎಚ್‌ಎಲ್‌ನಲ್ಲಿ 32 ತಂಡ, ಪೂರ್ವ ಮತ್ತು ಪಶ್ಚಿಮ ಅಂತ ಎರಡು ಕಾನ್ಫರೆನ್ಸ್ (ನಾವು ಪೂರ್ವದವರು), ಒಂದೊಂದರಲ್ಲಿ ಎರಡು ಡಿವಿಷನ್. ಪ್ರತಿ ಡಿವಿಷನ್ನಿನ ಮೊದಲ ಮೂರು ತಂಡ ನೇರವಾಗಿ ಪ್ಲೇಆಫ್‌ಗೆ ಹೋಗುತ್ತವೆ. ಉಳಿದವರಲ್ಲಿ ಅಂಕ ಹೆಚ್ಚಿರುವ, ಕಾನ್ಫರೆನ್ಸಿಗೆ ಇಬ್ಬರಂತೆ, ತಂಡಗಳಿಗೆ ವೈಲ್ಡ್ ಕಾರ್ಡ್ ಅನ್ನುವ ಜಾಗ. ಗೆದ್ದರೆ ಎರಡು ಅಂಕ. ಅರವತ್ತು ನಿಮಿಷದೊಳಗೆ ಸೋತರೆ ಸೊನ್ನೆ. ಆಗಲೂ ಸಮ ಇದ್ದರೆ ಹೆಚ್ಚುವರಿ ಆಟ (ಓವರ್‌ಟೈಮ್), ಅದರಲ್ಲೂ ತೀರದಿದ್ದರೆ ಒಬ್ಬೊಬ್ಬರೇ ಬಂದು ಗೋಲಿಗೆ ಹೊಡೆಯುವ ಶೂಟ್‌ಔಟ್. ಓವರ್‌ಟೈಮ್‌ನಲ್ಲೋ ಶೂಟ್‌ಔಟ್‌ನಲ್ಲೋ ಸೋತರೆ ಒಂದು. ಈ ಒಂದು ಅಂಕವೇ ಎಲ್ಲರ ತಲೆ ಕೆಡಿಸುವುದು.

ವೈಲ್ಡ್ ಕಾರ್ಡ್ ಜಾಗದಲ್ಲಿ ಕೂತಿರುವ ತಂಡ ಅಷ್ಟೇನೂ ಚೆನ್ನಾಗಿ ಆಡುತ್ತಿಲ್ಲ ಅಂತಲೇ ಇಟ್ಟುಕೋ. ಕೊನೆಯ ಹತ್ತರಲ್ಲಿ ಐದು ಗೆಲುವು, ನಾಲ್ಕು ಸೋಲು, ಒಂದು ಓವರ್‌ಟೈಮ್ ಸೋಲು. ಅಷ್ಟಕ್ಕೇ ಅವರಿಗೆ 11 ಅಂಕ. ಐದು ಹಿಂದಿರುವ ನಾವು ಬರೀ ಸಮ ಆಗಬೇಕಾದರೂ 16 ಬೇಕು, ಅಂದರೆ ಹತ್ತರಲ್ಲಿ ಎಂಟು ಗೆಲ್ಲಬೇಕು. ಸಮ ಆದವರಲ್ಲಿ ಯಾರು ಮೇಲೆ ಅಂತ ತೀರ್ಮಾನಿಸುವ ಟೈಬ್ರೇಕರ್‌ನಲ್ಲಿ ನಾವು ಕೆಳಗಿದ್ದರೆ ಅದೂ ಸಾಲದು, 17 ಬೇಕು. ಸೀಸನ್ ಪೂರ್ತಿ ಎರಡು ಪಂದ್ಯಕ್ಕೆ ಒಂದು ಗೆಲ್ಲುತ್ತಾ ಬಂದವರಿಂದ ಹತ್ತಕ್ಕೆ ಎಂಟು ಕೇಳುತ್ತಿದ್ದೇವೆ. ಇದೆಲ್ಲ ನಮಗೂ ಅವರಿಗೂ ನಡುವೆ ಬೇರೆ ತಂಡವೇ ಇಲ್ಲದಿದ್ದರೆ ಮಾತ್ರ. ಇನ್ನಿಬ್ಬರು ನಡುವೆ ಇದ್ದು, ಅವರಿಬ್ಬರೇ ಪರಸ್ಪರ ಆಡಿ, ಅದೂ ಓವರ್‌ಟೈಮ್‌ಗೆ ಹೋದರೆ? ಒಬ್ಬರಿಗೆ ಎರಡು, ಇನ್ನೊಬ್ಬರಿಗೆ ಒಂದು. ಆ ರಾತ್ರಿ ನಾವು ಆಡದೇ ಇದ್ದರೂ ಇಬ್ಬರಿಂದಲೂ ಹಿಂದೆ ಬಿದ್ದಿರುತ್ತೇವೆ.

"ಅವರಿಗಿಂತ ನಮ್ಮದು ಎರಡು ಪಂದ್ಯ ಜಾಸ್ತಿ ಬಾಕಿ ಇದೆ" ಅಂತ ಹಿಂದೊಮ್ಮೆ ಬರೆದಿದ್ದೆಯಲ್ಲ, ಅಂಥದ್ದನ್ನು ನಾಲ್ಕು ಅಂಕ ಅಂತ ಎಣಿಸಬೇಡ. ಓವರ್‌ಟೈಮ್‌ನ ಒಂದು ಅಂಕವನ್ನೂ ಸೇರಿಸಿದರೆ ಲೀಗಿನ ಸಾಧಾರಣ ತಂಡ ಪಂದ್ಯಕ್ಕೆ ಸುಮಾರು 1.1 ಅಂಕ ತೆಗೆಯುತ್ತದೆ. ಎರಡು ಬಾಕಿ ಪಂದ್ಯದ ಬೆಲೆ ಎರಡಕ್ಕಿಂತ ಚೂರು ಹೆಚ್ಚು, ಅಷ್ಟೇ. ಇನ್ನೊಂದು ಮೋಸ ಪಟ್ಟಿಯಲ್ಲೇ ಇದೆ. 40-32-10 (ಗೆಲುವು, ಸೋಲು, ಓವರ್‌ಟೈಮ್ ಸೋಲು) ಅಂತ ಕಂಡಾಗ ಗೆಲುವು ಎಂಟು ಹೆಚ್ಚು ಅಂತ ಕಣ್ಣು ಓದುತ್ತದೆ. ನಿಜಕ್ಕೂ ಅದು 40 ಗೆಲುವು, 42 ಸೋಲು, 90 ಅಂಕ. ಸೋತದ್ದೇ ಜಾಸ್ತಿ ಇರುವ ತಂಡ ಏಪ್ರಿಲ್‌ವರೆಗೂ ಉಸಿರಾಡುತ್ತಿರುತ್ತದೆ.

ಎಷ್ಟು ಅಂಕ ಬಂದರೆ ಒಳಗೆ ಅನ್ನುವುದಕ್ಕೂ ಗಟ್ಟಿ ಗೆರೆ ಇಲ್ಲ. ಪೂರ್ವದಲ್ಲಿ ಕೊನೆಯ ಜಾಗ 2023ರಲ್ಲಿ 92ಕ್ಕೆ, 2024ರಲ್ಲೂ 2025ರಲ್ಲೂ 91ಕ್ಕೆ ಸಿಕ್ಕಿತು. 2022ರಲ್ಲಿ ಅದೇ ಪೂರ್ವದಲ್ಲಿ ಒಳಹೋದ ಎಂಟೂ ತಂಡಗಳದ್ದು ನೂರು ಅಥವಾ ಅದಕ್ಕಿಂತ ಹೆಚ್ಚು. 2025ರಲ್ಲಿ ಪಶ್ಚಿಮದ ಕ್ಯಾಲ್ಗರಿ 96 ಅಂಕ ತೆಗೆದು ಮನೆಗೆ ಹೋಯಿತು. ಅಷ್ಟೇ ಅಂಕದ ಸೇಂಟ್ ಲೂಯಿಸ್ ಬ್ಲೂಸ್ ಒಳಗೆ ಹೋಯಿತು. ಎರಡರ ನಡುವೆ ಇದ್ದ ವ್ಯತ್ಯಾಸ ರೆಗ್ಯುಲೇಶನ್ ಗೆಲುವು, ಅಂದರೆ ಅರವತ್ತು ನಿಮಿಷದೊಳಗೇ ಮುಗಿಸಿದ ಪಂದ್ಯಗಳ ಸಂಖ್ಯೆ.

ರೆಗ್ಯುಲೇಶನ್ ಗೆಲುವು. ಆ ಮಾತು ಬಂದಮೇಲೆ 2024ರ ಏಪ್ರಿಲ್ 16ನ್ನು ದಾಟಿ ಹೋಗಲು ಸಾಧ್ಯವಿಲ್ಲ. ಆ ದಿನ ವಾಷಿಂಗ್ಟನ್ ಕ್ಯಾಪಿಟಲ್ಸ್ ಫಿಲಡೆಲ್ಫಿಯಾದಲ್ಲಿ ಆಡುತ್ತಿತ್ತು, ನಮ್ಮವರು ಮಾಂಟ್ರಿಯಲ್‌ನಲ್ಲಿ. ಫಿಲಡೆಲ್ಫಿಯಾದಲ್ಲಿ 1-1. ಅಲ್ಲಿನ ತಂಡ ಫ್ಲೈಯರ್ಸ್‌ಗೆ ಓವರ್‌ಟೈಮ್ ಗೆಲುವು ಯಾವ ಪ್ರಯೋಜನಕ್ಕೂ ಇರಲಿಲ್ಲ, ಅರವತ್ತು ನಿಮಿಷದೊಳಗೇ ಗೆಲ್ಲಬೇಕಿತ್ತು. ಹಾಗಾಗಿ ಸುಮಾರು ಮೂರು ನಿಮಿಷ ಇರುವಾಗ, ಸಮಬಲದ ಪಂದ್ಯದಲ್ಲಿ, ಗೋಲಿಯನ್ನು (ಗೋಲ್‌ಕೀಪರನ್ನು) ಹೊರಗೆ ಕರೆದು ಅವನ ಬದಲು ಇನ್ನೊಬ್ಬ ಆಟಗಾರನನ್ನು ಇಳಿಸಿದರು. ವಾಷಿಂಗ್ಟನ್ನಿನ ಟಿ. ಜೆ. ಓಶಿ ಖಾಲಿ ಬಲೆಗೆ ಪಕ್ (ಆಟದ ರಬ್ಬರ್ ಬಿಲ್ಲೆ) ಹೊಡೆದ. ವಾಷಿಂಗ್ಟನ್ 2-1, 91 ಅಂಕ. ಇತ್ತ ಮಾಂಟ್ರಿಯಲ್‌ನಲ್ಲಿ ನಮ್ಮ ಡೇವಿಡ್ ಪೆರಾನ್ ಕೊನೆಯ ಸೆಕೆಂಡುಗಳಲ್ಲಿ ಸಮ ಮಾಡಿದ, ಶೂಟ್‌ಔಟ್‌ನಲ್ಲಿ ನಾವು 5-4ರಿಂದ ಗೆದ್ದೆವು. ನಮಗೂ 91. ಹಿಂದಿನ ರಾತ್ರಿ ಇದೇ ಮಾಂಟ್ರಿಯಲ್ ವಿರುದ್ಧ ಲ್ಯೂಕಸ್ ರೇಮಂಡ್ ಗೋಲಿನಿಂದ ಓವರ್‌ಟೈಮ್‌ನಲ್ಲಿ ಗೆದ್ದಿದ್ದೆವು. ಎರಡು ರಾತ್ರಿ, ಎರಡು ಗೆಲುವು, ಪೂರ್ತಿ ನಾಲ್ಕು ಅಂಕ, ಆದರೆ ರೆಗ್ಯುಲೇಶನ್ ಗೆಲುವಿನ ಕಾಲಂನಲ್ಲಿ ಸೊನ್ನೆ. ಇಡೀ ಸೀಸನ್ನಿನಲ್ಲಿ ಹೊಡೆದದ್ದಕ್ಕಿಂತ 37 ಗೋಲು ಹೆಚ್ಚು ಬಿಟ್ಟುಕೊಟ್ಟ ವಾಷಿಂಗ್ಟನ್ ಒಳಗೆ, ನಾವು ಹೊರಗೆ. ಗೋಲಿನ ವ್ಯತ್ಯಾಸ ಟೈಬ್ರೇಕರ್ ಪಟ್ಟಿಯಲ್ಲಿ ಬಹಳ ಕೆಳಗೆ ಬರುತ್ತದೆ, ಅಲ್ಲಿಯವರೆಗೆ ಲೆಕ್ಕ ಹೋಗಲೇ ಇಲ್ಲ.

ಫ್ಲೈಯರ್ಸ್ ಗೋಲಿಯನ್ನು ತೆಗೆದದ್ದು ಹುಚ್ಚುತನ ಅಂತ ನೀನು ಇವತ್ತಿಗೂ ಬೈಯುತ್ತೀಯ. ನಾನು ಒಪ್ಪುವುದಿಲ್ಲ. ಅದೊಂದೇ ದಾರಿ ಇದ್ದವನು ಅದನ್ನೇ ಹಿಡಿಯಬೇಕು. ಗೋಲಿ ತೆಗೆಯುವುದು ಸುಮ್ಮನೆ ಕೈಬೀಸಿ ಕರೆಯುವ ಕೆಲಸವೂ ಅಲ್ಲ. ಪಕ್ ನಮ್ಮವರ ಹಿಡಿತದಲ್ಲಿ ಎದುರಾಳಿಯ ವಲಯ ಶುರುವಾಗುವ ನೀಲಿ ಗೆರೆ ದಾಟುವವರೆಗೂ ಗೋಲಿ ಬೆಂಚಿನ ಕಡೆಗೆ ಒಂದು ಕಣ್ಣಿಟ್ಟು ಕಾಯುತ್ತಾನೆ. ಅವನು ಬೆಂಚಿನ ಹತ್ತಿರ ಬಂದಮೇಲೆಯೇ ಆರನೆಯವನು ಮಂಜುಗಡ್ಡೆಗೆ ಇಳಿಯಬೇಕು. ಅವಸರಪಟ್ಟರೆ ಆಟ ನಿಲ್ಲುತ್ತದೆ ಅಥವಾ ಪೆನಾಲ್ಟಿ ಬೀಳುತ್ತದೆ. ಕನಿಷ್ಠ ಇಬ್ಬರು ಎದುರಾಳಿಯ ಬಲೆಯ ಮುಂದೆ ಅವರ ಗೋಲಿಯ ಕಣ್ಣು ಮರೆಮಾಡಿ ನಿಲ್ಲಬೇಕು, ಹಿಂದಿನಿಂದ ಹೊಡೆತ ಬರಬೇಕು. ಕೆಡುವುದು ಹೆಚ್ಚಾಗಿ ಅಲ್ಲೇ. ಹಿಂದಿನವನ ಹೊಡೆತ ಎದುರಾಳಿಯ ಮೊಣಕಾಲಿಗೆ ಬಡಿದು ನೀಲಿ ಗೆರೆಯ ಆಚೆ ಚಿಮ್ಮಿದರೆ ನಮ್ಮ ಆರೂ ಜನ ಆ ತುದಿಯಲ್ಲಿ, ಬಲೆ ಈ ತುದಿಯಲ್ಲಿ. ಹಾಗಂತ ಎದುರಾಳಿಗೂ ಅದು ಸುಲಭದ ತುತ್ತಲ್ಲ. ತನ್ನ ಅರ್ಧದಿಂದಲೇ ಹೊಡೆದು ಗುರಿ ತಪ್ಪಿತೋ, ಅದು ಐಸಿಂಗ್ ಅನ್ನುವ ತಪ್ಪು, ಆಟ ನಿಲ್ಲುತ್ತದೆ. ಪಕ್ ಬಿಟ್ಟು ಆಟ ಮತ್ತೆ ಶುರುಮಾಡುವ ಫೇಸ್‌ಆಫ್ ವಾಪಸ್ ಅವರ ಗೋಲಿಯ ಪಕ್ಕಕ್ಕೇ, ಸುಸ್ತಾದ ಅದೇ ಐವರನ್ನು ಬದಲಾಯಿಸುವ ಹಾಗೂ ಇಲ್ಲ. ಸಮಬಲ ತರುವ ಎಷ್ಟೋ ಗೋಲು ಇಂಥ ಫೇಸ್‌ಆಫ್‌ನಿಂದಲೇ ಹುಟ್ಟುತ್ತವೆ.

ಓವರ್‌ಟೈಮ್‌ನಲ್ಲೂ ಗೋಲಿಯನ್ನು ತೆಗೆಯಬಹುದು, ಗೊತ್ತಾ? ಅಲ್ಲಿ ಗೋಲಿ ಬಿಟ್ಟರೆ ತಂಡಕ್ಕೆ ಮೂವರೇ, ಹಾಗಾಗಿ ಮೂವರ ವಿರುದ್ಧ ನಾಲ್ವರು. ಆದರೆ ಬಲೆ ಖಾಲಿ ಇರುವಾಗ ಗೋಲು ತಿಂದರೆ ಆಗಲೇ ಕೈಗೆ ಬಂದಿದ್ದ ಒಂದು ಅಂಕವೂ ಹೋಗುತ್ತದೆ. 2024ರ ಮಾರ್ಚ್‌ನಲ್ಲಿ ಮಿನ್ನೆಸೋಟ ವೈಲ್ಡ್ ನ್ಯಾಶ್‌ವಿಲ್ ವಿರುದ್ಧ ಈ ಧೈರ್ಯ ಮಾಡಿತು, ಮ್ಯಾಟ್ ಬೋಲ್ಡಿ ಗೋಲು ಹೊಡೆದು ಗೆಲ್ಲಿಸಿದ. ಅಷ್ಟಾಗಿಯೂ ಅವರು ಆ ವರ್ಷ ಪ್ಲೇಆಫ್ ತಲುಪಲಿಲ್ಲ.

ಹಾಗಾಗಿ ಕೊನೆಯ ಹತ್ತರಲ್ಲಿ ಎಲ್ಲ ಪಂದ್ಯವನ್ನೂ ಒಂದೇ ರೀತಿ ಆಡುವ ಕೋಚ್ ನನಗೆ ಬೇಡ. ಪಶ್ಚಿಮದ ತಂಡದ ಎದುರು ಮೂರನೇ, ಅಂದರೆ ಕೊನೆಯ, ಪೀರಿಯಡ್‌ನ ಮುಕ್ತಾಯದಲ್ಲಿ ಸಮ ಇದ್ದರೆ ಕಾದು ಆಡಲಿ. ಅವರಿಗೆ ಸಿಗುವ ಅಂಕ ನಮ್ಮ ಕಾನ್ಫರೆನ್ಸಿನ ಪಟ್ಟಿಯನ್ನು ಮುಟ್ಟುವುದಿಲ್ಲ. ನಮ್ಮದೇ ಜಾಗಕ್ಕೆ ಗುದ್ದಾಡುತ್ತಿರುವ ತಂಡದ ಎದುರು ಅದೇ ಆಟ ಆಡಿದರೆ ಅನ್ಯಾಯ. ಅರವತ್ತು ನಿಮಿಷದಲ್ಲಿ ಗೆದ್ದರೆ ಅಂತರ ಎರಡು ಕಡಿಮೆ, ಓವರ್‌ಟೈಮ್‌ನಲ್ಲಿ ಗೆದ್ದರೆ ಒಂದೇ ಕಡಿಮೆ. ಸತತ ಎರಡು ರಾತ್ರಿ ಆಟ ಬಿದ್ದಾಗಲೂ ಹಾಗೇ: ಮುಖ್ಯ ಗೋಲಿಯನ್ನು ಪೈಪೋಟಿಯ ತಂಡಕ್ಕೆ ಇಟ್ಟುಕೊಂಡು, ಎರಡನೆಯವನನ್ನು ಪಶ್ಚಿಮದ ತಂಡಕ್ಕೆ ಬಿಡಬೇಕು.

ಈಗ ಪವಾಡದ ವಿಷಯ. ನೀನು ಪ್ರತಿ ಮಾರ್ಚ್‌ನಲ್ಲೂ ಕಳಿಸುವ ಆ ಎರಡು ಹೆಸರು ನನಗೂ ಇಷ್ಟ. 2015ರಲ್ಲಿ ಒಟ್ಟಾವಾ ಸೆನೆಟರ್ಸ್ ಫೆಬ್ರವರಿಯಲ್ಲಿ 14 ಅಂಕ ಹಿಂದಿತ್ತು. ಇಬ್ಬರು ಗೋಲಿಗಳಿಗೂ ಗಾಯ. ಆ್ಯಂಡ್ರೂ ಹ್ಯಾಮಂಡ್ ಅನ್ನುವ, ಯಾರೂ ಲೆಕ್ಕಕ್ಕೇ ಇಟ್ಟಿರದ ಹುಡುಗ ಬಂದು 20 ಪಂದ್ಯ ಗೆದ್ದು ತಂಡವನ್ನು ಪ್ಲೇಆಫ್‌ಗೆ ಮುಟ್ಟಿಸಿದ. ಸೋತದ್ದು ಅರವತ್ತು ನಿಮಿಷದಲ್ಲಿ ಒಮ್ಮೆ, ಅರವತ್ತು ನಿಮಿಷ ದಾಟಿದಮೇಲೆ ಎರಡು ಸಲ. ಅವನ ಅಡ್ಡಹೆಸರು ಹ್ಯಾಂಬರ್ಗ್ಲರ್, ಹಾಗಾಗಿ ಜನ ರಿಂಕಿಗೆ ಹ್ಯಾಂಬರ್ಗರ್ ಎಸೆದರು, ಅದೇ ತಂಡದ ಕರ್ಟಿಸ್ ಲಾಜಾರ್ ಅದರಲ್ಲೊಂದನ್ನು ಎತ್ತಿ ಕಚ್ಚಿಯೇಬಿಟ್ಟ. 2019ರ ಜನವರಿ 3ರ ಬೆಳಗ್ಗೆ ಸೇಂಟ್ ಲೂಯಿಸ್ ಬ್ಲೂಸ್ 37 ಪಂದ್ಯಕ್ಕೆ 34 ಅಂಕದೊಂದಿಗೆ ಇಡೀ ಲೀಗಿನ ಕೊನೆಯಲ್ಲಿತ್ತು. ನಾಲ್ಕು ದಿನದ ನಂತರ ಅವರ ಗೋಲಿ ಜೋರ್ಡನ್ ಬಿನ್ನಿಂಗ್ಟನ್ ಮೊದಲ ಸಲ ಆರಂಭದಿಂದ ಆಡಿ ಒಂದೂ ಗೋಲು ಬಿಡಲಿಲ್ಲ. ಜೂನ್ 12ಕ್ಕೆ ಬಾಸ್ಟನ್‌ನಲ್ಲಿ ಫೈನಲ್ಲಿನ ಏಳನೇ ಪಂದ್ಯ ಗೆದ್ದು ಲೀಗಿನ ಚಾಂಪಿಯನ್ನರಿಗೆ ಸಿಗುವ ಸ್ಟ್ಯಾನ್ಲಿ ಕಪ್ ಎತ್ತಿದರು.

ಆದರೆ ತಾರೀಖು ನೋಡು. ಬ್ಲೂಸ್‌ಗೆ 45 ಪಂದ್ಯ ಬಾಕಿ ಇತ್ತು, ಅದರಲ್ಲಿ 65 ಅಂಕ ತೆಗೆದರು. ಒಟ್ಟಾವಾ ಶುರುಮಾಡಿದ್ದೂ ಫೆಬ್ರವರಿಯಲ್ಲಿ. ಎರಡೂ ಕಡೆ ತಿರುವು ಬಂದದ್ದು ಗೋಲಿಯಿಂದ, ಅದೂ ತಿಂಗಳುಗಟ್ಟಲೆ ಸಮಯ ಇರುವಾಗ. ಹತ್ತೇ ಪಂದ್ಯ ಬಾಕಿ ಇರುವವನ ಕೈಗೆ ಈ ಉದಾಹರಣೆ ಕೊಡುವುದು ಸರಿಯಲ್ಲ ಅಂತ ನನಗೆ ಈಚೆಗೆ ಗಟ್ಟಿಯಾಗಿ ಅನ್ನಿಸುತ್ತಿದೆ.

ಇನ್ನೂ ಒಂದು ವಿಷಯ ಮನಸ್ಸಿನಲ್ಲಿ ಕೂತಿದೆ. ಈ ಲೆಕ್ಕ ಹಾಕುತ್ತಾ ಹಾಕುತ್ತಾ ನಮ್ಮವರ ಆಟಕ್ಕಿಂತ ಬೇರೆಯವರ ಸೋಲನ್ನೇ ಹೆಚ್ಚು ಕಾಯುವಂತಾಗಿದೆ. ಬರೀ ಸೋಲಲ್ಲ, ಅರವತ್ತು ನಿಮಿಷದೊಳಗಿನ ಸೋಲು. ಅದಕ್ಕಿಂತ ಹೆಚ್ಚಿನದನ್ನು ಹೇಳಲೋ ಬೇಡವೋ ಗೊತ್ತಿಲ್ಲ. ಕೆಲವು ರಾತ್ರಿ ನಮ್ಮವರೇ ಬೇಗ ಸೋತುಬಿಡಲಿ ಅನ್ನಿಸುತ್ತದೆ. ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಸರದಿಯಂತೆ ಹೊಸ ಹುಡುಗರನ್ನು ಆರಿಸುವಾಗ, ಒಳ್ಳೆಯ ಸ್ಥಾನ ಸಿಗಲಿ ಅಂತ ಅದಕ್ಕೊಂದು ನೆಪ. ಆ ನೆಪಕ್ಕೂ ಕಾಲಿಲ್ಲ. ಪ್ಲೇಆಫ್ ತಪ್ಪಿಸಿಕೊಂಡ 16 ತಂಡಗಳೂ ಆ ಸರದಿ ತೀರ್ಮಾನಿಸುವ ಲಾಟರಿಯಲ್ಲಿ ಇರುತ್ತವೆ ನಿಜ, ಆದರೆ ಒಂದು ತಂಡ ಗರಿಷ್ಠ ಹತ್ತು ಸ್ಥಾನ ಮಾತ್ರ ಮೇಲೇರಬಹುದು. ಕೊನೆಯ ತಂಡಕ್ಕೆ ಮೊದಲ ಆಯ್ಕೆ ಸಿಗುವ ಸಾಧ್ಯತೆ 25.5 ಶೇಕಡಾ, ಒಂದು ಅಂಕದಿಂದ ಪ್ಲೇಆಫ್ ತಪ್ಪಿದವನಿಗೆ ಅದು ಸಿಗುವುದೇ ಇಲ್ಲ, ಅದೃಷ್ಟ ಕೈಹಿಡಿದರೂ ಆರನೆಯದು. 2025ರಲ್ಲಿ ನ್ಯೂಯಾರ್ಕ್ ಐಲ್ಯಾಂಡರ್ಸ್ ಹತ್ತನೇ ಜಾಗದಿಂದ ಮೊದಲನೆಯದಕ್ಕೆ ಹಾರಿ ಮ್ಯಾಥ್ಯೂ ಶೇಫರ್‌ನನ್ನು ಪಡೆಯಿತು. ಅದಕ್ಕೆ ಅಷ್ಟು ಕೆಳಗಾದರೂ ಇರಬೇಕಿತ್ತು. ನಮ್ಮದು ಮೇಲೂ ಅಲ್ಲದ ಕೆಳಗೂ ಅಲ್ಲದ ಜಾಗ. ಹಾಗಿದ್ದಮೇಲೆ ಸೋಲಲಿ ಅನ್ನಿಸುವುದು ಡ್ರಾಫ್ಟ್‌ಗಾಗಿ ಅಲ್ಲ. ಆಸೆ ಇಟ್ಟುಕೊಂಡು ಕಾಯುವುದು ಅಷ್ಟು ಕಷ್ಟ, ಅದು ಮುಗಿದರೆ ಸಾಕು ಅನ್ನಿಸುತ್ತದೆ. 25 ಸೀಸನ್ ಬಿಡದೆ ಪ್ಲೇಆಫ್ ಆಡಿ 2016ರ ನಂತರ ಬಾಗಿಲಲ್ಲೇ ನಿಂತ ತಂಡವನ್ನು ಇಷ್ಟು ಪ್ರೀತಿಸುತ್ತಾ ಹೀಗೂ ಅನ್ನಿಸಬಹುದು ಅಂತ ನನಗೆ ಗೊತ್ತಿರಲಿಲ್ಲ. ನಿನಗೂ ಹೀಗಾಗುತ್ತದಾ?

ಇರಲಿ ಬಿಡು, ಪಕ್ ಬಿದ್ದ ಹತ್ತು ಸೆಕೆಂಡಿಗೆ ಇದೆಲ್ಲ ಮಾಯ. ನಿನ್ನ ಪ್ರಶ್ನೆಗೆ ಉತ್ತರ: ಆಗುತ್ತದೆ, ಆದರೆ ಹತ್ತರಲ್ಲಿ ಎಂಟು ಬೇಕು, ಎಂಟರಲ್ಲಿ ಆರಾದರೂ ಅರವತ್ತು ನಿಮಿಷದಲ್ಲಿ ಮುಗಿಯಬೇಕು. ಮೊದಲ ಮೂರರಲ್ಲಿ ಎರಡು ಸೋತರೆ ಮತ್ತೆ ಕೇಳಬೇಡ. ಪಟ್ಟಿ ನೋಡುವಾಗ ಅಂಕದ ಪಕ್ಕದ, ರೆಗ್ಯುಲೇಶನ್ ಗೆಲುವು ತೋರಿಸುವ, ಆರ್‌ಡಬ್ಲ್ಯೂ ಕಾಲಂ ತೆರೆದಿಡು. ಸಮ ಇರುವಾಗ ಕೊನೆಯ ಎರಡು ನಿಮಿಷ ನನಗೆ ಫೋನ್ ಮಾಡಬೇಡ. ಆ ಬೂದು ಟೋಪಿ ಮಾತ್ರ ದಯವಿಟ್ಟು ಕಪಾಟಿನಲ್ಲೇ ಇರಲಿ. ಮಂಗಳವಾರವಾದರೂ ಸರಿ.

ನಿನ್ನವ