ಪುನರ್ಪುಳಿ ಗಿಡದ ಬಗ್ಗೆ ನಮ್ಮ ಗ್ರಾಹಕರಿಗೆ ಒಂದು ಪತ್ರ

ಪ್ರೀತಿಯ ಗ್ರಾಹಕರೇ, ನಮಸ್ಕಾರ.

ವಿಷಯ ನೇರವಾಗಿಯೇ ಹೇಳುತ್ತೇವೆ. ಈ ಮಳೆಗಾಲದಿಂದ ನಮ್ಮ ನರ್ಸರಿಯಲ್ಲಿ ಬೀಜದಿಂದ ಎಬ್ಬಿಸಿದ ಪುನರ್ಪುಳಿ (ಕೋಕಂ) ಗಿಡ ಸಿಗುವುದಿಲ್ಲ. ಕಸಿ ಗಿಡ ಮಾತ್ರ. ಅದರ ಬೆಲೆಯೂ 120ರಿಂದ 160 ರೂಪಾಯಿಗೆ ಏರಿದೆ. ಹಲಸು, ರಂಜ, ನೇರಳೆ, ಹೊಳೆದಾಸವಾಳ, ಕೇಪಳ ಎಲ್ಲದಕ್ಕೂ ಹಳೆಯ ದರವೇ.

"30 ರೂಪಾಯಿಯ ಗಿಡ ನಿಲ್ಲಿಸಿ 160ರದ್ದನ್ನು ತಲೆಗೆ ಕಟ್ಟುತ್ತಾರೆ" ಅಂತ ಕೆಲವರು ಹೇಳಿದ್ದು ನಮ್ಮ ಕಿವಿಗೂ ಬಿತ್ತು. ಬೇಸರವಾಯಿತು. ಆದರೆ ಇದನ್ನು ನಿಲ್ಲಿಸಿದ್ದು ನಿಮ್ಮದೇ ಇನ್ನೊಂದು ದೂರಿನಿಂದ.

"ಎಂಟು ವರ್ಷ ಆಯ್ತು. ಗೊಬ್ಬರ ಹಾಕಿದೆವು, ನೀರು ಹಾಕಿದೆವು. ಹೂ ಬರುತ್ತದೆ, ಒಂದೇ ಒಂದು ಕಾಯಿ ಇಲ್ಲ. ನೀವು ಕೊಟ್ಟ ಗಿಡವೇ ಸರಿ ಇಲ್ಲ." ಪ್ರತಿ ವರ್ಷ ಈ ಮಾತು ಕೇಳುತ್ತಿದ್ದೇವೆ.

ಗಿಡ ಸರಿಯಾಗಿಯೇ ಇದೆ. ಅದು ಗಂಡು. ಪುನರ್ಪುಳಿಯಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಬೀಜ ಹಾಕಿದರೆ ಸುಮಾರು ಅರ್ಧ ಗಿಡ ಗಂಡೇ ಆಗುತ್ತದೆ. ಪ್ಲಾಸ್ಟಿಕ್ ತೊಟ್ಟೆಯಲ್ಲಿರುವ ಸಣ್ಣ ಗಿಡ ನೋಡಿ ಯಾವುದು ಎಂದು ಹೇಳಲು ನಮ್ಮಿಂದಲೂ ಆಗುವುದಿಲ್ಲ. ಹೂ ಬರುವ ತನಕ, ಅಂದರೆ ಆರೇಳು ವರ್ಷ ಕಾಯಲೇಬೇಕು. ಹೂ ಬಂದಾಗ ಹತ್ತಿರದಿಂದ ನೋಡಿ. ಗಂಡು ಹೂವಿನ ನಡುವೆ ಕೇಸರದ ಸಣ್ಣ ಮುದ್ದೆ ಇರುತ್ತದೆ. ಹೆಣ್ಣು ಹೂವಿನ ನಡುವೆ ಕಾಳಿನಂಥ ಗುಂಡು ಕಾಯಿ ಆಗಲೇ ಕೂತಿರುತ್ತದೆ.

ನಮ್ಮ ತಪ್ಪೂ ಇದೆ. ಬೀಜದ ಗಿಡ ಕೊಡುವಾಗ "ಗಂಡೂ ಆಗಬಹುದು" ಅಂತ ಬಾಯಿಬಿಟ್ಟು ಹೇಳಬೇಕಿತ್ತು. ಕೆಲವರಿಗೆ ಹೇಳಿದ್ದೇವೆ. ಜೂನ್ ತಿಂಗಳ ಗಡಿಬಿಡಿಯಲ್ಲಿ ಎಷ್ಟೋ ಜನರಿಗೆ ಸುಮ್ನೆ ಗಿಡ ಎತ್ತಿ ಕೊಟ್ಟು ಕಳಿಸಿದ್ದೇವೆ. ಎಂಟು ವರ್ಷ ಕಾದವರಿಗೆ ಏನು ಹೇಳುವುದು? ಕ್ಷಮಿಸಿ.

ಇನ್ನು ಬೆಲೆ. ಒಂದು ಕಸಿ ಗಿಡ ಆಗಬೇಕಾದರೆ ಮೊದಲು ಬೀಜದ ಗಿಡ ಒಂದು ವರ್ಷ ಬೆಳೆಯಬೇಕು. ಆಮೇಲೆ ಚೆನ್ನಾಗಿ ಕಾಯಿ ಬಿಡುವ ಹೆಣ್ಣು ಮರದಿಂದ ಕಡ್ಡಿ ತಂದು ಅದಕ್ಕೆ ಕಟ್ಟಬೇಕು, ಆಗ ಗಿಡ ಹೆಣ್ಣೇ ಆಗುತ್ತದೆ. ಸಿಕ್ಕಿದ ಕಡ್ಡಿ ಆಗುವುದಿಲ್ಲ. ಅಡ್ಡ ಕೊಂಬೆಯದ್ದು ಕಟ್ಟಿದರೆ ಗಿಡ ಮೇಲೆ ಹೋಗದೆ ಪೊದೆಯ ಹಾಗೆ ಹರಡುತ್ತದೆ. ನೆಟ್ಟಗೆ ಮೇಲೆ ಹೋಗುವ ಚಿಗುರೇ ಬೇಕು. ಅಂಥದ್ದು ಒಂದು ಮರದಲ್ಲಿ ಇರುವುದೇ ಸ್ವಲ್ಪ, ಅದೂ ಎತ್ತರದಲ್ಲಿ. ಕೊಯ್ದ ಕೂಡಲೇ ಹಳದಿ ಅಂಟು ಒಸರುತ್ತದೆ, ಬ್ಲೇಡ್ ಒರೆಸುತ್ತಲೇ ಇರಬೇಕು. ಸೀಳಿ, ಕೂರಿಸಿ, ಪ್ಲಾಸ್ಟಿಕ್ ಪಟ್ಟಿ ಸುತ್ತಿ, ಮೇಲೆ ಸಣ್ಣ ತೊಟ್ಟೆಯ ಟೊಪ್ಪಿ ಹಾಕಿ ನೆರಳಲ್ಲಿ ವಾರಗಟ್ಟಲೆ ಕಾಯಬೇಕು. ಕಟ್ಟಿದ್ದೆಲ್ಲ ಹಿಡಿಯುವುದಿಲ್ಲ. ಒಣಗಿದವುಗಳ ಕೂಲಿಯೂ ನಮ್ಮದೇ. ಮರಳು, ಹಟ್ಟಿಗೊಬ್ಬರ, ಕೂಲಿ ಮೂರೂ ಜಾಸ್ತಿಯಾಗಿ ಎರಡು ವರ್ಷವಾದರೂ ನಾವು ದರ ಮುಟ್ಟಿರಲಿಲ್ಲ. ಕಸಿ ಕಟ್ಟುವ ಅಕ್ಕಂದಿರ ಕೈ ನಮ್ಮ ಹೆಮ್ಮೆ. ಅವರ ಕೂಲಿಯಲ್ಲಿ ಉಳಿತಾಯ ಮಾಡುವ ಮನಸ್ಸು ನಮಗಿಲ್ಲ.

ಅರಣ್ಯ ಇಲಾಖೆಯ ನರ್ಸರಿಯಲ್ಲಿ ಕಡಿಮೆಗೆ ಸಿಗುತ್ತದಲ್ವಾ ಅನ್ನುತ್ತೀರಿ. ಹೌದು. ಗುಡ್ಡಕ್ಕೆ, ಬೇಲಿ ಬದಿಗೆ ಬೀಜದ ಗಿಡವೇ ಸಾಕು, ಅಲ್ಲಿಂದಲೇ ತನ್ನಿ. ಮನೆ ಹಿಂದೆ ಎರಡೇ ಗಿಡಕ್ಕೆ ಜಾಗ ಇರುವವರಿಗೆ ಕಸಿ ಗಿಡ ಬೇಕು. ಮೂರ್ನಾಲ್ಕು ವರ್ಷದಲ್ಲಿ ಸಿಪ್ಪೆ ಒಣಗಿಸುವಷ್ಟು ಅಲ್ಲದಿದ್ದರೂ ಶರಬತ್ತಿಗೆ ಆಗುವಷ್ಟು ಹಣ್ಣು ಬರುತ್ತದೆ.

ನಮ್ಮಿಂದ ಒಯ್ದ ಗಿಡ ಗಂಡಾಗಿದ್ದರೆ ಹೂವಿನ ಫೋಟೋ ವಾಟ್ಸಾಪ್ ಮಾಡಿ. ಒಂದು ಕಸಿ ಗಿಡ ಅರ್ಧ ಬೆಲೆಗೆ ಕೊಡುತ್ತೇವೆ. ಬಿಲ್ ಬೇಡ, ನಿಮ್ಮ ಮುಖ ನಮಗೆ ಗೊತ್ತು. ಆ ಗಂಡು ಮರವನ್ನು ಮಾತ್ರ ದಯವಿಟ್ಟು ಕಡಿಯಬೇಡಿ. ಸುತ್ತಲಿನ ಹೆಣ್ಣು ಮರಗಳು ಕಾಯಿ ಕಚ್ಚಲು ಅದು ಬೇಕು.

ಮಳೆ ಹಿಡಿದ ಮೇಲೆಯೇ ಬನ್ನಿ. ನೆಟ್ಟ ಮೇಲೆ ಒಂದು ಕೆಲಸ ಮರೆಯಬೇಡಿ. ಕಸಿಯ ಗಂಟಿನ ಕೆಳಗೆ ಬರುವ ಚಿಗುರನ್ನು ಆಗಾಗ ಚಿವುಟಿ ಹಾಕಿ. ಬಿಟ್ಟರೆ ಮೇಲಿನ ಕಸಿ ಸೊರಗಿ, ಕೊನೆಗೆ ಉಳಿಯುವುದು ಅದೇ ಬೀಜದ ಗಿಡ.

ಇಂತಿ,
ನಿಮ್ಮ ನರ್ಸರಿಯವರು