ಗ್ಯಾಸ್ ಊರಿಗೆ ಹೊರಟ ಅಳಿಯನಿಗೆ

ಡೊಂಬಿವಲಿ
ಭಾನುವಾರ ರಾತ್ರಿ

ಪ್ರೀತಿಯ ಸುಹಾಸ,

ಮಾವನ ಆಶೀರ್ವಾದಗಳು. ನಿನಗೆ ಮೊಜಾಂಬಿಕ್‌ನಲ್ಲಿ ಕೆಲಸ ಸಿಕ್ಕಿತು ಎಂದು ಅಕ್ಕ ಫೋನಿನಲ್ಲಿ ಹೇಳಿದಳು. ತುಂಬಾ ಖುಷಿಯಾಯಿತು. ಅನಿಲ ಕಾರ್ಖಾನೆ ಕಟ್ಟುವವರ ಅಷ್ಟು ದೊಡ್ಡ ಕ್ಯಾಂಪಿನ ಅಡುಗೆಮನೆಗೆ ಸಾಮಾನು ತರಿಸುವ ಕೆಲಸ ಸಣ್ಣದಲ್ಲ. ಧೈರ್ಯವಾಗಿ ಹೋಗು. ಆದರೆ ಅಲ್ಲಿ ಪಾಲ್ಮಾ ಊರಲ್ಲಿ ಸ್ನೇಹಿತನ ಜೊತೆ ಸೇರಿ ಗೆಸ್ಟ್‌ಹೌಸ್ ಕಟ್ಟಿಸಲು ಭಾವನ ಪಿಎಫ್ ದುಡ್ಡು ಕೇಳಿದ್ದೀಯಂತೆ. ಅದನ್ನು ಕೇಳಿದ ಮೇಲೆ ನನಗೆ ನಿದ್ದೆ ಬಂದಿಲ್ಲ.

ನೀನು ಹುಟ್ಟುವ ಮೊದಲಿನ ಮಾತು. ಖಾಡಿ, ಅಂದರೆ ಸಮುದ್ರದ ಹಿನ್ನೀರಿನ ಪಕ್ಕದ ಒಂದು ಊರಲ್ಲಿ ದೊಡ್ಡ ಕಾರ್ಖಾನೆ ಕಟ್ಟುತ್ತಿದ್ದರು. ಕ್ಯಾಂಟೀನ್ ಕಂತ್ರಾಟು ನನ್ನದು. ಬೆಳಗ್ಗೆ ನಾಲ್ಕಕ್ಕೇ ಇಡ್ಲಿ ಪಾತ್ರೆ ಒಲೆ ಏರುತ್ತಿತ್ತು. ಕೆಲಸಗಾರರಿಗೆ ಮಲಗಲು ಜಾಗ ಇರಲಿಲ್ಲ. ಅದನ್ನು ನೋಡಿ ಸಾಲ ಮಾಡಿ ಎಂಟು ರೂಮು ಕಟ್ಟಿಸಿದೆ. ಆ ದುಡ್ಡೂ ಸಾಕಾಗದಿದ್ದಾಗ ಅಕ್ಕ ಕೈಯ ನಾಲ್ಕು ಬಳೆ ಬಿಚ್ಚಿ ಕೊಟ್ಟಳು. ಎರಡು ವರ್ಷ ಒಂದು ರೂಮೂ ಖಾಲಿ ಇರಲಿಲ್ಲ. ಆಮೇಲೆ ಕಾರ್ಖಾನೆ ಶುರುವಾಯಿತು, ಪೂಜೆ ಆಯಿತು, ಪೇಡಾ ಹಂಚಿದರು. ಅದೇ ತಿಂಗಳು ವೆಲ್ಡರುಗಳು, ಫಿಟ್ಟರುಗಳು ಟ್ರಂಕು ಹೊತ್ತು ಹೊರಟರು. ಕಟ್ಟಲು ಸಾವಿರಾರು ಕೈ ಬೇಕು, ನಡೆಸಲು ಕೆಲವು ನೂರು ಸಾಕು. ನನಗೆ ಅಷ್ಟೂ ಹೊಳೆದಿರಲಿಲ್ಲ. ರೂಮುಗಳನ್ನು ಸಿಕ್ಕಿದ ಬೆಲೆಗೆ ಮಾರಿದೆ. ಆ ಬಳೆ ಮತ್ತೆ ಮಾಡಿಸಿಕೊಡಲು ಹನ್ನೊಂದು ವರ್ಷ ಹಿಡಿಯಿತು. ಅಕ್ಕ ಒಂದು ದಿನವೂ ಬಾಯಿಬಿಟ್ಟು ಕೇಳಲಿಲ್ಲ.

ಆಸ್ಟ್ರೇಲಿಯಾದ ಗ್ಲಾಡ್‌ಸ್ಟನ್‌ನಲ್ಲೂ ಇದೇ ಆಗಿದೆ. ಎದುರಿನ ಕರ್ಟಿಸ್ ದ್ವೀಪದಲ್ಲಿ ಒಟ್ಟೊಟ್ಟಿಗೆ ಮೂರು ಎಲ್‌ಎನ್‌ಜಿ, ಅಂದರೆ ಅನಿಲವನ್ನು ತಣಿಸಿ ದ್ರವ ಮಾಡುವ ಕಾರ್ಖಾನೆ ಕಟ್ಟಿದರು. 2011-12ರ ಹೊತ್ತಿಗೆ ಬಾಡಿಗೆ ಏರಿ, ಸಾಧಾರಣ ಸಂಬಳದವರಿಗೆ ಸ್ವಂತ ಊರಲ್ಲೇ ಮನೆ ಸಿಗುವುದು ಕಷ್ಟವಾಯಿತು. ಕಟ್ಟುವ ಕೆಲಸ ಮುಗಿದ ಮೇಲೆ ಮನೆಗಳು ಖಾಲಿ ಬಿದ್ದವು, ಬೆಲೆ ಕುಸಿಯಿತು. ಸಾಲ ಮಾಡಿ ಕೊಂಡವರು ಸಿಕ್ಕಿಬಿದ್ದರು. ಪಾಲ್ಮಾಕ್ಕೆ ಇನ್ನೊಂದು ಭಯವೂ ಇದೆ. 2021ರ ಮಾರ್ಚ್‌ನಲ್ಲಿ ಬಂಡುಕೋರರು ಊರಿನ ಮೇಲೇ ಬಿದ್ದರು. ಕೆಲಸ ವರ್ಷಗಟ್ಟಲೆ ನಿಂತುಹೋಯಿತು. ಸಂಬಳದ ಚೀಟಿ ಜೇಬಲ್ಲಿಟ್ಟುಕೊಂಡು ಓಡಿಬರಬಹುದು ಮಗಾ, ಗೋಡೆ ಹೊತ್ತುಕೊಂಡು ಬರಲು ಆಗುತ್ತದಾ?

ಗೆಸ್ಟ್‌ಹೌಸ್ ಮಾತು ಇಲ್ಲಿಗೆ ಬಿಡುತ್ತೇನೆ. ನಿನ್ನ ಸ್ಟೋರಿನ ಬಗ್ಗೆ ಹೇಳಬೇಕಾದ್ದು ಇದಕ್ಕಿಂತ ಜಾಸ್ತಿ ಇದೆ.

ಸಮುದ್ರದಡಿಯ ಅನಿಲವನ್ನು ಮೈನಸ್ 162 ಡಿಗ್ರಿಗೆ ತಣಿಸಿದರೆ ಆರುನೂರು ಪಾಲಿನ ಜಾಗದಲ್ಲಿದ್ದದ್ದು ಒಂದು ಪಾಲಿಗೆ ಇಳಿಯುತ್ತದೆ. ಹಡಗಿಗೆ ತುಂಬುತ್ತಾರೆ, ಹೋಗುತ್ತದೆ. ಮೊಜಾಂಬಿಕ್‌ನ ಕಡಲಲ್ಲಿ ಕೋರಲ್ ಸುಲ್ ಎಂಬ ತೇಲುವ ಕಾರ್ಖಾನೆ ಇದೆ. 2022ರ ನವೆಂಬರ್‌ನಿಂದ ಅಲ್ಲಿಂದ ಹಡಗು ಹೋಗುತ್ತಿವೆ. ಆ ಅನಿಲ ನೆಲವನ್ನೇ ಮುಟ್ಟುವುದಿಲ್ಲ. ತೆರಿಗೆಯ ಹೆಚ್ಚಿನ ಭಾಗ ಹೋಗುವುದು ದೇಶದ ಇನ್ನೊಂದು ತುದಿಯ ರಾಜಧಾನಿ ಮಾಪುಟೊಗೆ. ಆ ದೇಶದ ಬಹುಪಾಲು ಮನೆಗಳಲ್ಲಿ ಇವತ್ತಿಗೂ ಕಟ್ಟಿಗೆ, ಇದ್ದಿಲಿನ ಅಡುಗೆ. ಪಾಲ್ಮಾ ಹತ್ತಿರ ನೀನು ಹೋಗುವ ಅಫುಂಗಿಯಲ್ಲಿ ಕಾರ್ಖಾನೆಗೆ ಜಾಗ ಬೇಕೆಂದು ಕಿಟುಪೊ ಹಳ್ಳಿಯವರನ್ನು ಎಬ್ಬಿಸಿ ಕಿಟುಂಡಾ ಎಂಬ ಹೊಸ ಊರಿಗೆ ಕಳಿಸಿದರು. ಸಿಮೆಂಟಿನ ಮನೆ ಕೊಟ್ಟರು, ನಿಜ. ಆದರೆ ಮೀನು, ಚಿಪ್ಪು ಹಿಡಿಯುವವರಿಗೆ ದಡ ದೂರವಾಯಿತು. ಇದು ಯಾರದೋ ವ್ಯವಹಾರ ಅಂದುಕೊಳ್ಳಬೇಡ. ಅಫುಂಗಿಯ ಆ ಕಾರ್ಖಾನೆಯಲ್ಲಿ 30 ಪರ್ಸೆಂಟ್ ಪಾಲು ನಮ್ಮ ಸರ್ಕಾರಿ ಕಂಪನಿಗಳದ್ದು: ಒಎನ್‌ಜಿಸಿ ವಿದೇಶ್, ಬಿಪಿಸಿಎಲ್‌ನ ಅಂಗಸಂಸ್ಥೆ, ಆಯಿಲ್ ಇಂಡಿಯಾ.

ಹಾಗಿದ್ದ ಮೇಲೆ ಆ ಊರಿನವರ ಕೈಗೆ ಸಿಗುವುದು ಏನು? ಒಂದಿಷ್ಟು ಕೂಲಿ. ಮತ್ತೆ, ಕ್ಯಾಂಪು ಅವರಿಂದ ಕೊಳ್ಳುವ ಸಾಮಾನಿನ ದುಡ್ಡು. ಆ ಎರಡನೆಯದರ ಪುಸ್ತಕ ಇನ್ನು ನಿನ್ನ ಮೇಜಿನ ಮೇಲೆ ಇರುತ್ತದೆ.

ನನ್ನ ಕ್ಯಾಂಟೀನಿಗೆ ಮೊದಲ ತಿಂಗಳು ಅಲ್ಲಿನ ಕೋಳಿ ಎಂಬ ಮೀನುಗಾರ ಸಮುದಾಯದ ಹೆಂಗಸರೇ ಬಂಗಡೆ ಮೀನು ತಂದು ಹಾಕುತ್ತಿದ್ದರು. ಆಮೇಲೆ ಕಂತ್ರಾಟುದಾರರ ಆಫೀಸಿನವರು ಪಕ್ಕಾ ಬಿಲ್ ಬೇಕು ಎಂದರು. ಆ ಹೆಂಗಸರ ಹತ್ತಿರ ಬಿಲ್ ಎಲ್ಲಿಂದ ಬರಬೇಕು? ನನಗೆ ಬರುವ ದುಡ್ಡು ಮೂರು ತಿಂಗಳು ತಡ, ಅವರಿಗೆ ಅವತ್ತಿನ ದುಡ್ಡು ಅವತ್ತೇ ಬೇಕು. ನಾನು ಸುಲಭದ ದಾರಿ ಹಿಡಿದೆ. ದೊಡ್ಡ ಮಾರ್ಕೆಟ್ಟಿನಿಂದ ಟ್ರಕ್ಕಿನಲ್ಲಿ ಉದ್ರಿ ಮೇಲೆ ತರಿಸಿದೆ. ಒಬ್ಬ ಮುದುಕಿ ಮಾತ್ರ ಬುಟ್ಟಿ ತಲೆ ಮೇಲಿಟ್ಟುಕೊಂಡು ಹದಿನೈದು ದಿನ ಗೇಟಿನ ಹತ್ತಿರ ಬಂದು ನಿಂತಿದ್ದಳು. ಜೆಟ್ಟಿಗೆಂದು ಅವರ ದೋಣಿ ಎಳೆಯುವ ಜಾಗಕ್ಕೆ ಬೇಲಿ ಹಾಕಿದ್ದರು, ಆಮೇಲೆ ಮೀನೂ ನಾವು ಕೊಳ್ಳಲಿಲ್ಲ. ಅವಳ ಮುಖ ನನಗೆ ಇನ್ನೂ ನೆನಪಿದೆ.

ನೀನು ಹಾಗೆ ಮಾಡಬೇಡ. ಹೋದ ಕೂಡಲೇ ಮೇಲಿನವರ ಹತ್ತಿರ ಸಣ್ಣ ಖರೀದಿಗೆ ನಗದು ಕೇಳು. ಪ್ರತಿ ವಾರ ಲೆಕ್ಕ ಕೊಡುತ್ತೇನೆ ಅನ್ನು. ಬಿಲ್ ಇಲ್ಲದವರಿಗೆ ನೀನೇ ವೋಚರ್ ಬರೆದು, ತೂಕ, ದರ ಓದಿ ಹೇಳಿ, ಹೆಬ್ಬೆಟ್ಟು ಹಾಕಿಸು. ಮೊದಲು ಮೊಟ್ಟೆ, ಸೊಪ್ಪು, ಬಾಳೆಹಣ್ಣಿನಿಂದ ಶುರುಮಾಡು. ಮೀನಿಗೆ ಸ್ವಚ್ಛತೆಯ ನಿಯಮ ಜಾಸ್ತಿ ಇರುತ್ತದೆ. ದೋಣಿ ಬರುವ ಜಾಗಕ್ಕೇ ಐಸ್ ಪೆಟ್ಟಿಗೆ ಕಳಿಸಿದರೆ ಅರ್ಧ ತಕರಾರು ಮುಗಿಯುತ್ತದೆ. ಮುಂದಿನ ವಾರ ಎಷ್ಟು ಬೇಕು ಎಂದು ಮೊದಲೇ ಹೇಳು, ಹೇಳಿದಷ್ಟನ್ನು ತಗೋ. ಇಲ್ಲದಿದ್ದರೆ ನಿನ್ನನ್ನು ನಂಬಿ ಬಿತ್ತಿದವರು ಹಾಳಾಗುತ್ತಾರೆ. ಕ್ಯಾಂಪು ಚಿಕ್ಕದಾಗುವ ಸುದ್ದಿ ಬಂದರೆ ಅದನ್ನೂ ಮೊದಲು ಅವರಿಗೆ ಹೇಳು. ನಮಗೆ ಯಾರೂ ಹೇಳಿರಲಿಲ್ಲ.

ಭಾಷೆ ಬರುವುದಿಲ್ಲ ಎಂದು ಸುಮ್ನೆ ಹಿಂಜರಿಯಬೇಡ. ನಾನು ಮರಾಠಿ ಕಲಿತದ್ದು ತರಕಾರಿ ದರದಿಂದಲೇ.

ಶನಿವಾರ ಬಾ. ನಿನ್ನ ಸ್ನೇಹಿತ ಕಳಿಸಿದ ಕಾಗದ ತಗೊಂಡು ಬಾ, ಸಹಿ ಮಾತ್ರ ಹಾಕಬೇಡ. ನನ್ನ ಹಳೆಯ ಕ್ಯಾಂಟೀನಿನ ಖಾತೆ ಪುಸ್ತಕ ಅಟ್ಟದಿಂದ ಇಳಿಸಿ ಇಟ್ಟಿದ್ದೇನೆ. ವೋಚರ್ ಹೇಗೆ ಬರೆಯುವುದು ಎಂದು ತೋರಿಸುತ್ತೇನೆ. ನಿನ್ನ ಅತ್ತೆ ಪತ್ರೊಡೆ ಮಾಡುತ್ತಾಳಂತೆ.

ಇಂತಿ,
ನಿನ್ನ ಮಾವ